ಕತ್ತಲೆಯ ಹಾಡಿಗೆ ಅರ್ಥ ಹೇಳುವವರು

ಕರಾವಳಿಯವರಿಗೆ ತಾಳಮದ್ದಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಮಾತ್ರ ಎರಡು ಮಾತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದುಕೊಂಡು ಆಶುವಾಗಿ ಮಾತು ಬೆಳೆಸುತ್ತಾರೆ, ವಾದಿಸುತ್ತಾರೆ, ಒಬ್ಬರನ್ನೊಬ್ಬರು ಕೆಣಕುತ್ತಾರೆ. ಕಥೆ ಎಲ್ಲರಿಗೂ ತಿಳಿದದ್ದೇ. ಜನ ಸೇರುವುದು ಅರ್ಥವನ್ನು ಕೇಳುವುದಕ್ಕೆ.

ಇದೇ ಸೀಮೆಯ ಮಂಗಳೂರು ನಗರದಲ್ಲಿ 1990ರ ದಶಕದಿಂದೀಚೆಗೆ ಇನ್ನೊಂದು ಬಗೆಯ ಅರ್ಥಗಾರಿಕೆಯೂ ಸದ್ದಿಲ್ಲದೆ ಬೆಳೆದಿದೆ. ಸದ್ದಿಲ್ಲದೆ ಎಂಬ ಮಾತನ್ನು ಪಕ್ಕದ ಕೋಣೆಯವರು ಒಪ್ಪಲಾರರು, ಅದು ಬೇರೆ ವಿಷಯ. ಕಾಲೇಜು ಹಾಸ್ಟೆಲುಗಳಲ್ಲಿ, ಬಾಡಿಗೆ ಮನೆಗಳ ತಾರಸಿಯಲ್ಲಿ ನಾಲ್ಕೈದು ಮಂದಿ ಗೆಳೆಯರು ಕಲೆತು, ಒಂದು ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ, ಬಳಿಕ ವಾದಕ್ಕೆ ಕೂರುತ್ತಾರೆ. ಇಲ್ಲಿನ ಪ್ರಸಂಗ ಇಂಗ್ಲಿಷಿನದು, ಕೆಲವೊಮ್ಮೆ ಜರ್ಮನ್ ಭಾಷೆಯದು. ಗೋಥಿಕ್ ಮೆಟಲ್ ಮತ್ತು ಇಂಡಸ್ಟ್ರಿಯಲ್ ರಾಕ್ ಎಂಬ ಎರಡು ಪ್ರಕಾರಗಳು ಇಂಥ ವಾದಗಳಿಗೆ ಹೇಳಿ ಮಾಡಿಸಿದಂತಿವೆ.

ಹೊರಗಿನಿಂದ ಕೇಳಿದವರಿಗೆ ಇದು "ಎಂಥದ್ದು ಮಾರಾಯ, ಹಾಡೋ ಬೊಬ್ಬೆಯೋ" ಎನಿಸುವುದು ಸಹಜ. ಆಲ್ಬಮ್ಮಿನ ಹೊದಿಕೆಯ ಮೇಲೆ ಪಾಳುಬಿದ್ದ ಇಗರ್ಜಿ, ಗೋರಿ, ಬಾಡಿದ ಹೂ, ಇಲ್ಲವೇ ತುಕ್ಕು ಹಿಡಿದ ಕಬ್ಬಿಣ. ಸಾಹಿತ್ಯದಲ್ಲಿ ಸಾವು, ಶಂಕೆ, ದ್ವೇಷ. ಮನೆಯ ಹಿರಿಯರು ಗಾಬರಿಯಾಗುವುದಕ್ಕೆ ಇಷ್ಟು ಸಾಕು. ಆ ಗಾಬರಿಯಲ್ಲಿ ತಿರುಳೆಷ್ಟು ಎಂಬುದನ್ನು ತೀರ್ಮಾನಿಸುವ ಮೊದಲು, ಆ ಕೋಣೆಗಳಲ್ಲಿ ಕೇಳಿಬರುವುದು ಏನು, ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯುವುದು ಒಳ್ಳೆಯದು.

ನಾಗವಲ್ಲಿಯ ಅರಮನೆ

ಗೋಥಿಕ್ ಎಂಬ ಪದ ಕನ್ನಡಿಗರಿಗೆ ಮೊದಲು ಪರಿಚಯವಾಗುವುದು ವಾಸ್ತುಶಿಲ್ಪದ ಮೂಲಕ. 1930ರ ದಶಕದಲ್ಲಿ ಕಟ್ಟಲು ತೊಡಗಿದ ಮೈಸೂರಿನ ಸಂತ ಫಿಲೋಮಿನಾ ಚರ್ಚು ಆ ಶೈಲಿಯ ಆಧುನಿಕ ರೂಪ: ಮುಗಿಲಿಗೆ ಚುಚ್ಚಿದಂಥ ಜೋಡಿ ಗೋಪುರ, ಮೊನಚು ಕಮಾನು, ಬಣ್ಣದ ಗಾಜಿನಿಂದ ಸೋಸಿ ಬರುವ ಮಂದ ಬೆಳಕು. ಈ ಪದ ಸಾಹಿತ್ಯಕ್ಕೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ 1764ರಲ್ಲಿ 'ದ ಕ್ಯಾಸಲ್ ಆಫ್ ಒಟ್ರಾಂಟೋ' ಕಾದಂಬರಿಯನ್ನು ಪ್ರಕಟಿಸಿದ ಬಳಿಕ ಹಳೆಯ ಕೋಟೆ, ಬೀಗ ಹಾಕಿದ ಕೋಣೆ, ಸತ್ತವರ ನೆರಳು, ಪಿತ್ರಾರ್ಜಿತ ಪಾಪ ಇವೆಲ್ಲ ಸೇರಿದ ಕಥೆಗಳ ಒಂದು ಪರಂಪರೆಯೇ ಹುಟ್ಟಿಕೊಂಡಿತು. ಇದು ದೂರದ ಮಾತೆನಿಸಿದರೆ 2004ರ 'ಆಪ್ತಮಿತ್ರ' ಚಿತ್ರವನ್ನು ನೆನಪಿಸಿಕೊಂಡರಾಯಿತು. ಮುಚ್ಚಿದ ಕೋಣೆ, ಹಳೆಯ ನರ್ತಕಿ, ಅವಳನ್ನು ತನ್ನೊಳಗೆ ಬರಮಾಡಿಕೊಂಡ ಹೆಣ್ಣು. ಶುದ್ಧ ಗೋಥಿಕ್ ಕಥೆ ಅದು.

ಸಂಗೀತದಲ್ಲಿ ಈ ಪದ 1980ರ ಹೊತ್ತಿಗೆ ಇಂಗ್ಲೆಂಡಿನ ಬೌಹೌಸ್ ಮುಂತಾದ ತಂಡಗಳಿಗೆ ಅಂಟಿಕೊಂಡಿತ್ತು. ಆದರೆ ಅದು ಮೆಟಲ್ ಅಲ್ಲ. ಮೆಟಲ್ ಎಂದರೆ ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒಡೆದು, ಒರಟು ಮಾಡಿ, ಭಾರವಾಗಿಸಿದ ಸಂಗೀತ. ಗೋಥಿಕ್ ಮೆಟಲ್ ಎಂಬ ಕೂಡಾವಳಿಗೆ ಹೆಸರು ತಂದದ್ದು ಉತ್ತರ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ 1988ರಲ್ಲಿ ಹುಟ್ಟಿದ ಪ್ಯಾರಡೈಸ್ ಲಾಸ್ಟ್ ತಂಡ. ಅವರ ಎರಡನೆಯ ಆಲ್ಬಂ 1991ರಲ್ಲಿ ಹೊರಬಂತು, ಹೆಸರೇ 'ಗೋಥಿಕ್'. ನಿಧಾನಗತಿಯ ಭಾರವಾದ ಗಿಟಾರ್, ಗಂಡಿನ ಗುಡುಗುವ ದನಿ, ಅದರ ನಡುವೆ ಇದ್ದಕ್ಕಿದ್ದಂತೆ ಹೆಣ್ಣಿನ ತೆಳುದನಿ ಮತ್ತು ವಾದ್ಯವೃಂದದ ಛಾಯೆ. ಅದೇ ಸೀಮೆಯ ಮೈ ಡೈಯಿಂಗ್ ಬ್ರೈಡ್ ತಂಡ 1993ರ 'ಟರ್ನ್ ಲೂಸ್ ದ ಸ್ವಾನ್ಸ್' ಆಲ್ಬಮ್ಮಿನಲ್ಲಿ ಪಿಟೀಲನ್ನು ತಂದಿತು. ಪಿಟೀಲು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ; ಅಳುವುದಕ್ಕೇ ಬಂದದ್ದು.

ಗಂಡು ದನಿ, ಹೆಣ್ಣು ದನಿಗಳ ಈ ಎದುರಾಟವನ್ನು ಪೂರ್ಣವಾಗಿ ಬೆಳೆಸಿದವರು ನಾರ್ವೆಯ ಸ್ಟವಾಂಗರಿನ ಥಿಯೇಟರ್ ಆಫ್ ಟ್ರಾಜಿಡಿ ತಂಡದವರು. ಸ್ಟವಾಂಗರ್ ಕೂಡ ಮಂಗಳೂರಿನಂತೆ ಬಂದರು ಮತ್ತು ತೈಲದ ಪಟ್ಟಣ. 1995ರ ಅವರ ಮೊದಲ ಆಲ್ಬಮ್ಮಿನಲ್ಲಿ ರೇಮಂಡ್ ರೊಹೊನಿಯ ಗರ್ಜನೆಗೆ ಲಿವ್ ಕ್ರಿಸ್ಟೀನಳ ಎಳೆಯ ಕಂಠ ಉತ್ತರ ಕೊಡುತ್ತದೆ. ಹಳೆಯ ಕಾಲದ ಇಂಗ್ಲಿಷಿನಲ್ಲಿ ಬರೆದ ಸಂಭಾಷಣೆಯಂಥ ಸಾಹಿತ್ಯ ಅದು. 1998ರ 'ಏಜಿಸ್' ಆಲ್ಬಮ್ಮಿನಲ್ಲಂತೂ ಪ್ರತಿ ಹಾಡಿಗೂ ಒಂದೊಂದು ಸ್ತ್ರೀನಾಮ, ಹೆಚ್ಚಿನವು ಪುರಾಣ ದಂತಕಥೆಗಳಿಂದ ಆರಿಸಿದವು. ಪಾಶ್ಚಾತ್ಯ ವಿಮರ್ಶಕರು ಈ ಜೋಡಿದನಿಯ ಕ್ರಮಕ್ಕೆ ಸುಂದರಿ ಮತ್ತು ಮೃಗದ ಕಥೆಯ ಹೆಸರಿಟ್ಟರು. ತೆಂಕುತಿಟ್ಟಿನ ಆಟ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ತೆರೆಯ ಹಿಂದಿನಿಂದ ಆರ್ಭಟಿಸುತ್ತ ಬರುವ ಬಣ್ಣದ ವೇಷ, ಅದರೆದುರು ಸ್ತ್ರೀವೇಷದ ಮೆಲುಮಾತು. ಇವೆರಡರ ಅಂತರದಲ್ಲೇ ರಂಗ ತುಂಬುತ್ತದೆ. ಆರ್ಭಟವನ್ನು ಯಾರೂ ಅಪಸ್ವರವೆನ್ನುವುದಿಲ್ಲ. ಮೆಟಲ್ ಗಾಯಕನ ಗರ್ಜನೆಯೂ ಹಾಗೆಯೇ ಅಭ್ಯಾಸದಿಂದ ಬರುವಂಥದ್ದು. ಮಾತಿಗೆ ಬಳಸುವ ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನು ಉಸಿರಿನ ಒತ್ತಡದಿಂದ ಕಂಪಿಸಿ ಹೊರಡಿಸುವ ನಾದ ಅದು. ಕ್ರಮ ತಪ್ಪಿ ಅರಚಿದವನ ಗಂಟಲು ಕಟ್ಟುತ್ತದೆ.

ಅಟ್ಲಾಂಟಿಕದ ಆಚೆ, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಟೈಪ್ ಓ ನೆಗೆಟಿವ್ ತಂಡದ ಪೀಟರ್ ಸ್ಟೀಲ್ ಇದಕ್ಕೆ ವ್ಯಂಗ್ಯವನ್ನು ಬೆರೆಸಿದ. ಸಂಗೀತಕ್ಕೆ ಪೂರ್ತಿಯಾಗಿ ಬರುವ ಮೊದಲು ನಗರದ ಉದ್ಯಾನ ಇಲಾಖೆಯಲ್ಲಿ ದುಡಿಯುತ್ತಿದ್ದ ಈ ಆಜಾನುಬಾಹು 1993ರ 'ಬ್ಲಡಿ ಕಿಸಸ್' ಆಲ್ಬಮ್ಮಿನಲ್ಲಿ ಗೋಥಿಕ್ ಶೃಂಗಾರವನ್ನು ಹಾಡುತ್ತಲೇ ಅದನ್ನು ಗೇಲಿಯನ್ನೂ ಮಾಡಿದ. 2010ರಲ್ಲಿ ಆತ ತೀರಿಕೊಂಡ. ಅವನ ಹಾಡಿನಲ್ಲಿ ಎಲ್ಲಿ ನಗಬೇಕು, ಎಲ್ಲಿ ನಗಬಾರದು ಎಂಬುದು ಗೆಳೆಯರ ಕೂಟಗಳ ಹಳೆಯ ವ್ಯಾಜ್ಯ; ತೀರ್ಪು ಬರುವ ಲಕ್ಷಣವಿಲ್ಲ.

ಕಲ್ಯಾಣಿಯ ಸ್ವರ, ಸೈತಾನನ ಹೆಸರು

ಈ ಎಲ್ಲ ಭಾರಕ್ಕೂ ಮೂಲವೊಂದಿದೆ, ಅದು ಕಾರ್ಖಾನೆಯದು. ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹದಿಹರೆಯದ ಟೋನಿ ಅಯೋಮಿ, ಕೆಲಸ ಬಿಡಬೇಕೆಂದಿದ್ದ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಗೈ ರೂಢಿಯ ಆತನಿಗೆ ಗಿಟಾರಿನ ತಂತಿಯನ್ನು ಅದುಮಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ತಂತಿಗಳನ್ನೂ ಸಡಿಲಿಸಿದ. ತಂತಿ ಸಡಿಲಾದಾಗ ಶ್ರುತಿ ಇಳಿಯಿತು, ನಾದ ತಗ್ಗಾಗಿ ದಪ್ಪವಾಯಿತು. ಆತನಿದ್ದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾಯಿತು. ಹೆವಿ ಮೆಟಲ್‌ನ ಜನನ ಅಲ್ಲಿಂದ ಎಂಬುದು ಸಾಮಾನ್ಯವಾದ ಒಪ್ಪಿಗೆ.

ಆ ಆಲ್ಬಮ್ಮಿನ ಮೊದಲ ಹಾಡಿನ ಭೀತಿಗೆ ಕಾರಣವಾದದ್ದು ಒಂದು ಸ್ವರಾಂತರ. ಯೂರೋಪಿನಲ್ಲಿ ಅದಕ್ಕೆ ಸೈತಾನನ ಹೆಸರಿನ ಅಡ್ಡಹೆಸರಿದೆ. ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವ ದೂರ, ಅಷ್ಟೆ. 72 ಮೇಳಕರ್ತಗಳಲ್ಲಿ 36ರಲ್ಲಿ ಇರುವ ಸ್ವರ. ಮಂಗಳಕರವೆಂದು ಹೆಸರಾದ ಕಲ್ಯಾಣಿಗೆ ಜೀವಸ್ವರ. ನಮ್ಮಲ್ಲಿ ಅದು ಪಂಚಮದ ಕಡೆಗೆ ಹಂಬಲಿಸುತ್ತ ಏರುತ್ತದೆ, ಹಿಂದಿನಿಂದ ತಂಬೂರಿಯ ಶ್ರುತಿ ಅದನ್ನು ಎತ್ತಿಹಿಡಿದಿರುತ್ತದೆ. ಸಬ್ಬತ್‌ನಲ್ಲಿ ಅದು ಎಲ್ಲಿಗೂ ಏರದೆ ನಡುಗುತ್ತ ನಿಲ್ಲುತ್ತದೆ. ಸ್ವರ ಒಂದೇ, ಅದನ್ನು ಎಲ್ಲಿಗೆ ಒಯ್ಯಲಾಯಿತು, ಎಲ್ಲಿ ಕೈಬಿಡಲಾಯಿತು ಎಂಬುದರಲ್ಲಿ ಭಯವಿದೆ. ಮನೆಯಲ್ಲಿ ಒಬ್ಬರಾದರೂ ಶಾಸ್ತ್ರೀಯ ಸಂಗೀತ ಕಲಿತ, ಇನ್ನೊಬ್ಬರು ಚರ್ಚಿನ ಗಾಯನವೃಂದದಲ್ಲಿ ಹಾಡಿದ ಗೆಳೆಯರಿರುವ ಮಂಗಳೂರಿನಂಥ ಊರಿನಲ್ಲಿ ಇಂಥ ವಿಷಯಗಳ ಚರ್ಚೆಗೆ ಬೇರೆಯದೇ ರುಚಿ ಬರುತ್ತದೆ.

ಹೆಂಚಿನ ಕಾರ್ಖಾನೆಯ ಊರಿನಲ್ಲಿ ಯಂತ್ರದ ಹಾಡು

ಇಂಡಸ್ಟ್ರಿಯಲ್ ಎಂಬ ಪದ ಸಂಗೀತಕ್ಕೆ ಬಂದದ್ದು 1976ರಲ್ಲಿ, ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಧ್ವನಿಮುದ್ರಣ ಸಂಸ್ಥೆಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟಾಗ. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಐನ್‌ಸ್ಟುರ್ತ್ಸೆಂಡೆ ನೊಯ್‌ಬೌಟನ್ ತಂಡದವರು ಗುಜರಿ ಕಬ್ಬಿಣ, ಸುತ್ತಿಗೆ, ಡ್ರಿಲ್ ಯಂತ್ರಗಳನ್ನೇ ವಾದ್ಯ ಮಾಡಿಕೊಂಡರು. ಆ ಬಾಯಿತಿರುಗದ ಹೆಸರಿನ ಅರ್ಥ, ಕುಸಿದು ಬೀಳುವ ಹೊಸ ಕಟ್ಟಡಗಳು. ಸಂಗೀತವೆಂದರೆ ಇಂಪಾಗಿರಬೇಕು ಎಂಬ ನಿಯಮವನ್ನೇ ಪ್ರಶ್ನಿಸಿದವರು ಇವರು. ಮನುಷ್ಯ ದಿನವಿಡೀ ಯಂತ್ರದ ಸದ್ದಿನಲ್ಲಿ ಬದುಕುತ್ತಿರುವಾಗ ಹಾಡಿನಲ್ಲಿ ಮಾತ್ರ ಕೋಗಿಲೆ ಏಕೆ ಎಂಬುದು ಅವರ ತರ್ಕ.

ಈ ತರ್ಕ ಮಂಗಳೂರಿಗೆ ಅಪರಿಚಿತವಾಗಬೇಕಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಫಲ್ಗುಣಿ ನದಿಗಳ ದಡದಲ್ಲಿ ಎದ್ದ ಚಿಮಣಿಗಳು ತಲೆಮಾರುಗಳ ಕಾಲ ಈ ಊರಿನ ದಿನಚರಿಯನ್ನು ರೂಪಿಸಿದವು. ಬಳಿಕ ಅವುಗಳಲ್ಲಿ ಹೆಚ್ಚಿನವು ಮುಚ್ಚಿದವು. ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ ಬಂದವು. ಮುಚ್ಚಿದ ಗಿರಣಿಗಳ ಹ್ಯಾಲಿಫ್ಯಾಕ್ಸ್, ಕಾರ್ಖಾನೆಗಳ ಬರ್ಮಿಂಗ್‌ಹ್ಯಾಮ್ ಇವೇ ಊರುಗಳಲ್ಲಿ ಈ ಎರಡೂ ಸಂಗೀತ ಪ್ರಕಾರಗಳ ಬೇರುಗಳಿರುವುದು ಕಾಕತಾಳೀಯವೆನ್ನಲಾಗದು. ಸಬ್ಬತ್‌ನ ಊರಿನಿಂದಲೇ ಬಂದ ಗಾಡ್‌ಫ್ಲೆಶ್ ತಂಡ 1989ರ 'ಸ್ಟ್ರೀಟ್‌ಕ್ಲೀನರ್' ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸುವವನನ್ನೇ ಬಿಟ್ಟು ಯಂತ್ರದ ತಾಳಕ್ಕೆ ಗಿಟಾರ್ ನುಡಿಸಿತು. ಆ ತಾಳದಲ್ಲಿ ದಣಿವಿಲ್ಲ, ತಪ್ಪಿಲ್ಲ, ಆದ್ದರಿಂದಲೇ ದಯೆಯೂ ಇಲ್ಲ.

ಪ್ರಕಾರವನ್ನು ಕೋಟ್ಯಂತರ ಕಿವಿಗಳಿಗೆ ತಲುಪಿಸಿದವನು ಅಮೆರಿಕದ ಟ್ರೆಂಟ್ ರೆಝ್ನರ್. ಕ್ಲೀವ್‌ಲ್ಯಾಂಡಿನ ಸ್ಟುಡಿಯೋ ಒಂದರಲ್ಲಿ ಸಣ್ಣಪುಟ್ಟ ಕೆಲಸಕ್ಕಿದ್ದ ಆತ, ರಾತ್ರಿ ಖಾಲಿ ಇರುತ್ತಿದ್ದ ಹೊತ್ತಿನಲ್ಲಿ ತನ್ನ ಹಾಡುಗಳನ್ನು ಮುದ್ರಿಸಿಕೊಂಡು 1989ರಲ್ಲಿ ನೈನ್ ಇಂಚ್ ನೇಲ್ಸ್ ಹೆಸರಿನಲ್ಲಿ 'ಪ್ರೆಟಿ ಹೇಟ್ ಮೆಷಿನ್' ತಂದ. 1994ರ 'ದ ಡೌನ್‌ವರ್ಡ್ ಸ್ಪೈರಲ್' ಅವನ ಪ್ರಮುಖ ಕೃತಿ. 14 ಹಾಡುಗಳಲ್ಲಿ ಒಬ್ಬ ಮನುಷ್ಯ ಧರ್ಮ, ಕಾಮ, ಮಾದಕವಸ್ತು, ಹಿಂಸೆ ಹೀಗೆ ಒಂದೊಂದನ್ನೇ ಹಿಡಿದು ಬಿಟ್ಟು ಕೆಳಗಿಳಿಯುತ್ತಾನೆ. ಇಳಿಜಾರಿನ ಒಂದು ಸಣ್ಣ ಸ್ವರಗುಚ್ಛ ಬೇರೆ ಬೇರೆ ಹಾಡುಗಳಲ್ಲಿ ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಗುರುತಿಸಿದವನು ಕೂಟದಲ್ಲಿ ಅಂದಿನ ಮಟ್ಟಿಗೆ ಪಂಡಿತ! ಹಾಡುಗಳನ್ನು ಬಿಡಿಬಿಡಿಯಾಗಿ ಕೇಳುವವರಿಗೆ ಇದು ಸಿಕ್ಕುವುದೇ ಇಲ್ಲ. ಆಲ್ಬಮ್ಮನ್ನು ಇಡಿಯಾಗಿ ಕೇಳಬೇಕೆಂಬ ಹಠ ಬರಿಯ ಶಿಷ್ಟಾಚಾರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಾರದು.

ಜರ್ಮನಿಯ ರಾಮ್‌ಸ್ಟೈನ್ ತಂಡದ ಆಕರ್ಷಣೆ ಬೇರೆ. ಪೂರ್ವ ಜರ್ಮನಿಯಲ್ಲಿ ಬೆಳೆದ ಆರು ಮಂದಿ 1994ರಲ್ಲಿ ಕಟ್ಟಿದ ಈ ತಂಡ, ಕವಾಯತಿನ ತಾಳಕ್ಕೆ ಶ್ಲೇಷೆಯನ್ನು ಪೋಣಿಸುತ್ತದೆ. 1997ರ 'ಸೇನ್‌ಸುಖ್ಟ್' ಆಲ್ಬಮ್ಮಿನ 'ಡು ಹಸ್ಟ್' ಹಾಡಿನ ಹೆಸರನ್ನೇ ನೋಡಿ: ಒಂದು ಬರಹದಲ್ಲಿ 'ನೀನು ಹೊಂದಿರುವೆ' ಎಂದರ್ಥ, ಅದೇ ಉಚ್ಚಾರದ ಇನ್ನೊಂದು ಬರಹದಲ್ಲಿ 'ನೀನು ದ್ವೇಷಿಸುವೆ' ಎಂದರ್ಥ. ಹಾಡಿನ ಪ್ರಸಂಗ ಮದುವೆಯ ಪ್ರತಿಜ್ಞೆ! ಕಿವಿಗೆ ಎರಡೂ ಒಂದೇ ಆದ್ದರಿಂದ ನಿಘಂಟು ತೆರೆಯದೆ ಗತಿಯಿಲ್ಲ. ಜರ್ಮನಿಯ ಕಿಟ್ಟೆಲ್ ಕನ್ನಡಕ್ಕೆ ಮಾಡಿಕೊಟ್ಟ ನಿಘಂಟು 1894ರಲ್ಲಿ ಅಚ್ಚಾದ ಊರಿನಲ್ಲಿ ಹುಡುಗರು ಜರ್ಮನ್ ನಿಘಂಟು ಹುಡುಕುವಂತಾದದ್ದು ಒಂದು ಬಗೆಯ ಋಣಸಂದಾಯವೆನ್ನೋಣ.

ದ್ರೋಹವೋ ಬೆಳವಣಿಗೆಯೋ

ಎರಡು ಪ್ರಕಾರಗಳು ಪರಸ್ಪರ ದಾರಿ ತುಳಿದಲ್ಲಿ ಗೆಳೆಯರ ವಾದ ಕಾವೇರುತ್ತದೆ. ಪ್ಯಾರಡೈಸ್ ಲಾಸ್ಟ್ 1995ರ 'ಡ್ರಾಕೋನಿಯನ್ ಟೈಮ್ಸ್' ಮೂಲಕ ಗೋಥಿಕ್ ಮೆಟಲ್‌ನ ಶಿಖರ ಮುಟ್ಟಿತು ಎಂಬುದರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಆದರೆ 1997ರ 'ಒನ್ ಸೆಕೆಂಡ್'ನಲ್ಲಿ ಯಂತ್ರಗಳ ನಾದ ಒಳಬಂತು. 1999ರ 'ಹೋಸ್ಟ್'ನಲ್ಲಿ ಭಾರದ ಗಿಟಾರು ಹುಡುಕಿದರೂ ಸಿಗದಂತಾಯಿತು. ಅಭಿಮಾನಿಗಳು ಇದನ್ನು ದ್ರೋಹವೆಂದರು. ಮರುವರ್ಷ, 2000ದಲ್ಲಿ, ಥಿಯೇಟರ್ ಆಫ್ ಟ್ರಾಜಿಡಿಯೂ 'ಮ್ಯೂಸಿಕ್' ಆಲ್ಬಮ್ಮಿನಲ್ಲಿ ಹಳೆಯ ಇಂಗ್ಲಿಷನ್ನೂ ಗರ್ಜನೆಯನ್ನೂ ಬಿಟ್ಟು ಯಂತ್ರ, ರೇಡಿಯೋಗಳ ಬಗ್ಗೆ ವಿದ್ಯುನ್ಮಾನ ತಾಳದಲ್ಲಿ ಹಾಡಿತು. ಪಾಳುಗೋಟೆಯಿಂದ ನೇರವಾಗಿ ಕಾರ್ಖಾನೆಗೆ ಜಿಗಿತ.

ಒಂದು ಪಕ್ಷದ ವಾದ ಹೀಗಿರುತ್ತದೆ: ತಂಡದ ಹೆಸರು ಒಂದು ಮಾತು ಕೊಟ್ಟಂತೆ, ಅದೇ ಹೆಸರಿನಲ್ಲಿ ಬೇರೆ ಸರಕನ್ನು ಮಾರುವುದು ಸಲ್ಲದು. ಇನ್ನೊಂದು ಪಕ್ಷ ಕೇಳುತ್ತದೆ: ದುಃಖ ಬದಲಾಗಿದೆಯೇ? 'ಹೋಸ್ಟ್'ನಲ್ಲಿ ಗಿಟಾರಿಲ್ಲದಿದ್ದರೇನು, ನಿಕ್ ಹೋಮ್ಸ್‌ನ ದನಿಯ ವಿಷಾದ ಹಾಗೆಯೇ ಇದೆಯಲ್ಲ? ಇಲ್ಲಿ ಎರಡನೆಯ ಪಕ್ಷದ ಮಾತಿಗೇ ಹೆಚ್ಚು ತೂಕ. ಗೋರಿಯನ್ನು ಕುರಿತು ಹಾಡುವುದಕ್ಕಿಂತ, ಜನರಿಂದ ತುಂಬಿದ ನಗರದಲ್ಲಿ ಒಬ್ಬಂಟಿಯಾಗಿರುವುದನ್ನು ಕುರಿತು ಹಾಡುವುದು ಕಷ್ಟ. ಆ ಒಂಟಿತನಕ್ಕೆ ಪಿಟೀಲಿಗಿಂತ ಯಂತ್ರದ ತಾಳವೇ ಒಪ್ಪುತ್ತದೆ. 'ಮ್ಯೂಸಿಕ್' ಬಗ್ಗೆ ಇದೇ ಮಾತನ್ನು ಹೇಳುವುದು ಸ್ವಲ್ಪ ಕಷ್ಟ. ಅಲ್ಲಿ ಹೊಸ ಆಟಿಕೆ ಸಿಕ್ಕಿದ ಸಂಭ್ರಮವೇ ಮುಂದಾಗಿ ದುಃಖ ಹಿಂದೆ ಬಿತ್ತು. ವ್ಯಾಜ್ಯಕ್ಕೆ ಮುಂದುವರಿದ ಅಧ್ಯಾಯವೂ ಇದೆ. ಪ್ಯಾರಡೈಸ್ ಲಾಸ್ಟ್ ತಂಡವು 2015ರ 'ದ ಪ್ಲೇಗ್ ವಿದಿನ್' ಹೊತ್ತಿಗೆ ಗರ್ಜನೆಗೆ ಮರಳಿತ್ತು. ಆದರೆ ಮುಂದೆ ಹೋಮ್ಸ್ ಮತ್ತು ಗಿಟಾರ್ ವಾದಕ ಗ್ರೆಗ್ ಮ್ಯಾಕಿಂಟಾಷ್ ಇಬ್ಬರೂ ಸೇರಿ ಬೇರೆಯೇ ಒಂದು ವಿದ್ಯುನ್ಮಾನ ತಂಡ ಕಟ್ಟಿದರು. ಅದಕ್ಕೆ ಇಟ್ಟ ಹೆಸರು 'ಹೋಸ್ಟ್'.

ಘಟ್ಟ ಹತ್ತಿ ಇಳಿದ ಕ್ಯಾಸೆಟ್ಟುಗಳು

ಈ ಆಲ್ಬಮ್ಮುಗಳು ಮಂಗಳೂರಿಗೆ ತಲುಪಿದ ದಾರಿಯೂ ಕೇಳುವ ರೀತಿಯನ್ನು ರೂಪಿಸಿತು. ಕ್ಯಾಸೆಟ್ ಕಾಲದಲ್ಲಿ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ದೊಡ್ಡ ಕಂಪನಿಗಳು ಭಾರತದಲ್ಲಿ ಅಚ್ಚು ಹಾಕಿಸಿದ್ದು ಮಾತ್ರ. ಉಳಿದದ್ದು ಗಲ್ಫಿನಿಂದ ಬಂದ ಅಣ್ಣನ ಪೆಟ್ಟಿಗೆಯಲ್ಲೋ ಬೆಂಗಳೂರಿನ ಗೆಳೆಯನ ಚೀಲದಲ್ಲೋ ಬರಬೇಕು. 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ ಆರಂಭಿಸಿದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಅಂಚೆಯಲ್ಲಿ ಬಂದರೆ ಅದು ಕೈಯಿಂದ ಕೈಗೆ ಸವೆಯುವವರೆಗೆ ಓಡಾಡುತ್ತಿತ್ತು. ಒಂದು ಕ್ಯಾಸೆಟ್ಟಿನಿಂದ ಹತ್ತು ಪ್ರತಿ ಆಗುತ್ತಿದ್ದ ಆ ವ್ಯವಹಾರ ಕಾನೂನಿನ ಕಣ್ಣಿನಲ್ಲಿ ಶುದ್ಧವಲ್ಲ, ನಿಜ. ಆದರೆ ತಿಂಗಳಿಗೆ ಒಂದೇ ಆಲ್ಬಂ ಸಿಕ್ಕಿದರೆ ಅದನ್ನು ತಿಂಗಳಿಡೀ ಕೇಳಬೇಕಾಗುತ್ತದೆ. ಅರ್ಥಗಾರಿಕೆ ಬೆಳೆದದ್ದು ಆ ಅಭಾವದಿಂದ.

ಹಾಡುವವರನ್ನು ಕಣ್ಣಾರೆ ನೋಡುವುದಕ್ಕೆ ಬೆಂಗಳೂರಿಗೇ ಹೋಗಬೇಕು. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಹಾಡಿದಾಗ ಮಂಗಳೂರಿನಿಂದ ಹಾಸನ ಮಾರ್ಗವಾಗಿ ಪ್ರಯಾಣಿಕರ ರೈಲೂ ಇರಲಿಲ್ಲ. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಪ್ರಯಾಣಿಕರ ಸಂಚಾರ ಪುನರಾರಂಭವಾದದ್ದು 2007ರ ಡಿಸೆಂಬರಿನಲ್ಲಿ. ಹೊರಟವರಿಗೆ ರಾತ್ರಿ ಬಸ್ಸು, ಶಿರಾಡಿಯ ಹೊಂಡಗಳೇ ಗತಿ. ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಬಂದಾಗ ಮಾತ್ರ ರೈಲಿತ್ತು. ಬೆಂಗಳೂರಿನದೇ ತಂಡಗಳೂ ಇದ್ದವು. 1991ರಲ್ಲಿ ಹುಟ್ಟಿದ ಡೈಯಿಂಗ್ ಎಂಬ್ರೇಸ್, ಗೋಥಿಕ್ ಮೆಟಲ್‌ಗೆ ಅಣ್ಣನಂತಿರುವ ಮಂದಗತಿಯ ಡೂಮ್ ಶೈಲಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ಹಿಡಿದ ತಂಡಗಳಲ್ಲೊಂದು. 1998ರಲ್ಲಿ ಆರಂಭವಾದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಗಡಿಯಾಚೆ ಕಣ್ಣೂರಿನ ದ ಡೌನ್ ಟ್ರಾಡನ್ಸ್ ತಂಡ 2014ರ ತನ್ನ ಆಲ್ಬಮ್ಮಿನಲ್ಲಿ 'ನಾಗವಲ್ಲಿ' ಎಂಬ ಹೆಸರಿನದೇ ಒಂದು ಹಾಡನ್ನು ಕಟ್ಟಿತು. 'ಆಪ್ತಮಿತ್ರ'ದ ಮೂಲವಾದ ಮಲಯಾಳ ಚಿತ್ರದ ಅದೇ ನಾಗವಲ್ಲಿ.

ರಾವಣನ ಮಾತನ್ನು ಆಡಿದವನು ರಾವಣನೇ?

ಈಗ ಹಿರಿಯರ ಗಾಬರಿಯ ವಿಷಯ. ಅಮೆರಿಕದಲ್ಲಿ 1990ರಲ್ಲಿ, ಇಬ್ಬರು ತರುಣರ ಆತ್ಮಹತ್ಯೆಯ ಯತ್ನಕ್ಕೆ ಜೂಡಾಸ್ ಪ್ರೀಸ್ಟ್ ತಂಡದ ಹಾಡೇ ಕಾರಣವೆಂಬ ಮೊಕದ್ದಮೆಯನ್ನು ನೆವಾಡಾದ ನ್ಯಾಯಾಲಯ ತಳ್ಳಿಹಾಕಿತು. 1999ರ ಕೊಲಂಬೈನ್ ಶಾಲಾ ಹತ್ಯಾಕಾಂಡದ ಬಳಿಕ ಇಂಡಸ್ಟ್ರಿಯಲ್ ಗಾಯಕ ಮರ್ಲಿನ್ ಮ್ಯಾನ್ಸನ್ ಮೇಲೆ ಬೆರಳು ತೋರಿಸಲಾಯಿತು. ಹಂತಕರು ಆತನ ಅಭಿಮಾನಿಗಳೇ ಆಗಿರಲಿಲ್ಲವೆಂಬುದು ತಡವಾಗಿ ತಿಳಿದುಬಂತು. ಆರೋಪದ ವೇಗದಲ್ಲಿ ನಿವಾರಣೆ ಓಡಲಿಲ್ಲ.

ಹಾಡಿನಲ್ಲಿ 'ನಾನು' ಎಂದವನು ಹಾಡುಗಾರನೇ ಎಂದು ತಿಳಿಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಅರ್ಥ ಹೇಳಿ ಹೆಸರಾದವರು. ಅವರ ರಾವಣನ ತರ್ಕಕ್ಕೆ ಸಭೆ ತಲೆದೂಗುತ್ತಿತ್ತು. ಮರುದಿನ ಬೆಳಿಗ್ಗೆ ಯಾರೂ ಪರಸ್ತ್ರೀಯನ್ನು ಅಪಹರಿಸಲು ಹೊರಡಲಿಲ್ಲ, ಭಟ್ಟರನ್ನು ರಾಕ್ಷಸನೆಂದು ಯಾರೂ ಶಂಕಿಸಲಿಲ್ಲ. ಎದುರಿಗೆ ರಾಮನ ಅರ್ಥ ಹೇಳುವವರೊಬ್ಬರು ಇದ್ದರು ಎಂಬುದೂ ಅಷ್ಟೇ ಮುಖ್ಯ. ಪ್ಯಾರಡೈಸ್ ಲಾಸ್ಟ್ ತನ್ನ ಹೆಸರನ್ನು ಪಡೆದ ಮಿಲ್ಟನ್ನನ 1667ರ ಮಹಾಕಾವ್ಯದಲ್ಲೂ ಸೊಗಸಾದ ಮಾತುಗಳು ಸೈತಾನನ ಬಾಯಿಗೇ ಬಂದಿವೆ ಎಂಬ ದೂರು ಹಳೆಯದು.

ಹಾಗೆಂದು ಎಲ್ಲವನ್ನೂ ವೇಷವೆಂದು ತೇಲಿಸಿಬಿಡುವಂತಿಲ್ಲ. ಅಭಿಮಾನಿಗಳು ಈ ವಿಷಯದಲ್ಲಿ ಹಲವೊಮ್ಮೆ ಜಾಣಕುರುಡು ತೋರಿಸಿದ್ದಾರೆ. ನಾರ್ವೆಯಲ್ಲಿ 1992ರ ಜೂನ್‌ನಲ್ಲಿ ಬರ್ಗನ್ ಬಳಿಯ ಫಾಂಟಾಫ್ಟ್‌ನ ಹಳೆಯ ಮರದ ಚರ್ಚು ಸುಟ್ಟುಹೋಯಿತು. ಬಳಿಕ ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು, ಕೊಲೆಗಳೂ ನಡೆದವು. ಬ್ಲ್ಯಾಕ್ ಮೆಟಲ್ ಎಂಬ ಬೇರೊಂದು ಶಾಖೆಯ ಸಂಗೀತಗಾರರಿಗೆ ಶಿಕ್ಷೆಯಾಯಿತು. ಗೋಥಿಕ್ ಮೆಟಲ್‌ಗೂ ಅದಕ್ಕೂ ಸಂಬಂಧವಿಲ್ಲವೆಂದು ವಾದಿಸಬಹುದು; ಅದು ಬರಿಯ ನಾಟಕವೆಂದು ವಾದಿಸುವಂತಿಲ್ಲ. ಮ್ಯಾನ್ಸನ್ ವಿರುದ್ಧ 2021ರಲ್ಲಿ ಹಲವು ಮಹಿಳೆಯರು ದೌರ್ಜನ್ಯದ ಆರೋಪ ಹೊರಿಸಿದರು. ಆತ ಅದನ್ನು ನಿರಾಕರಿಸಿದ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಅಭಿಯೋಜಕರು ಮೊಕದ್ದಮೆ ಹೂಡುವುದಿಲ್ಲವೆಂದು ಪ್ರಕಟಿಸಿದರು. ವೇಷ ಕಳಚಿದ ಮೇಲಿನ ನಡತೆ ಯಾವ ಪ್ರಸಂಗದ ರಕ್ಷಣೆಯಲ್ಲೂ ಇರುವುದಿಲ್ಲ.

ಕೇಳುಗನ ಬಗ್ಗೆಯೂ ಒಂದು ಮಾತು ಹೇಳಬೇಕು. 'ದ ಡೌನ್‌ವರ್ಡ್ ಸ್ಪೈರಲ್'ನ ಮನುಷ್ಯ ಇಳಿದ ದಾರಿಯಲ್ಲಿ ಅದನ್ನು ಬರೆದ ರೆಝ್ನರನೂ ಬಹಳ ದೂರ ಇಳಿದಿದ್ದ. ಮಾದಕವಸ್ತು, ಮದ್ಯಗಳಿಂದ ಆತ ಹೊರಬಂದದ್ದು 2001ರಲ್ಲಿ, ಚಿಕಿತ್ಸೆಯ ಬಳಿಕ. (ಮುಂದೆ 'ದ ಸೋಷಿಯಲ್ ನೆಟ್‌ವರ್ಕ್' ಮತ್ತು 'ಸೋಲ್' ಚಿತ್ರಗಳ ಸಂಗೀತಕ್ಕೆ ಆಸ್ಕರ್ ಪಡೆದವರಲ್ಲಿ ಆತನೂ ಒಬ್ಬ.) ಹದಿನೇಳರ ಹುಡುಗನೊಬ್ಬ ಬಾಗಿಲು ಹಾಕಿಕೊಂಡು, ಊಟ ಬಿಟ್ಟು, ಯಾರೊಡನೆಯೂ ಮಾತಿಲ್ಲದೆ ಇದೇ ಆಲ್ಬಮ್ಮನ್ನು ದಿನಗಟ್ಟಲೆ ಕೇಳುತ್ತಿದ್ದರೆ ತಾಯಿ ಆತಂಕಪಡುವುದು ತಪ್ಪಲ್ಲ. ಆದರೆ ಕಾಯಿಲೆಯನ್ನು ಆಲ್ಬಮ್ಮಿನಲ್ಲಿ ಹುಡುಕಬಾರದು, ಮುಚ್ಚಿದ ಬಾಗಿಲಿನಲ್ಲಿ ಹುಡುಕಬೇಕು. ಬೇಕಾದರೆ ವೈದ್ಯರ ನೆರವನ್ನೂ ಪಡೆಯಬೇಕು. ಅದೇ ಹುಡುಗ ನಾಲ್ಕು ಮಂದಿಯ ನಡುವೆ ಕುಳಿತು ಆರನೆಯ ಹಾಡಿಗಿಂತ ಎಂಟನೆಯದೇ ಮೇಲೆಂದು ಜಗಳವಾಡುತ್ತಿದ್ದರೆ, ಸದ್ದು ಎಷ್ಟೇ ಕರ್ಕಶವಾಗಿರಲಿ, ಅಲ್ಲಿ ಕತ್ತಲೆಗೆ ಎದುರು ಅರ್ಥ ಹೇಳುವವರೂ ಇದ್ದಾರೆ. ಹಾಡುಗಳು ಮೊಬೈಲಿನೊಳಗೆ ಸೇರಿ, ಪ್ರತಿಯೊಬ್ಬನ ಕಿವಿಗೂ ಬೇರೆ ಬೇರೆ ಇಯರ್‌ಫೋನ್ ಬಂದ ಈ ದಿನಗಳಲ್ಲಿ ನಷ್ಟವಾಗುತ್ತಿರುವುದು ಆ ಎದುರು ಮಾತು.

ಕುತೂಹಲವಿರುವ ಹಿರಿಯರು ಎಲ್ಲಿಂದ ಆರಂಭಿಸಬೇಕು? ಗರ್ಜನೆ ರೂಢಿಯಿಲ್ಲದವರಿಗೆ ಲಿವ್ ಕ್ರಿಸ್ಟೀನಳ ದನಿಗಾಗಿ 'ಏಜಿಸ್' ಸುಲಭದ ಬಾಗಿಲು. ಅಲ್ಲಿಂದ 'ಡ್ರಾಕೋನಿಯನ್ ಟೈಮ್ಸ್'ಗೆ ನಡೆಯಬಹುದು. ಇಂಡಸ್ಟ್ರಿಯಲ್ ಕಡೆಯಿಂದಾದರೆ ಒಂದೇ ಹಾಡು ಸಾಕು: 'ದ ಡೌನ್‌ವರ್ಡ್ ಸ್ಪೈರಲ್'ನ ಕೊನೆಯ ಹಾಡು 'ಹರ್ಟ್'. ಅದನ್ನು ಅಮೆರಿಕದ ಹಳ್ಳಿಗಾಡಿನ ಸಂಗೀತದ ಹಿರಿಯ ಜಾನಿ ಕ್ಯಾಶ್ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, 2002ರಲ್ಲಿ ಹೊರಬಂದ ಆಲ್ಬಮ್ಮಿನಲ್ಲಿ ಹಾಡಿದ. ಯಂತ್ರಗಳಿಲ್ಲ, ಗಿಟಾರ್, ಪಿಯಾನೋ, ಮುಪ್ಪಿನ ದನಿ. ಒಂದು ಅಶ್ಲೀಲ ಪದವನ್ನು ಮಾತ್ರ ಬದಲಿಸಿ ಮುಳ್ಳಿನ ಕಿರೀಟವನ್ನಾಗಿಸಿದ, ಉಳಿದದ್ದು ಇದ್ದಂತೆಯೇ. ಮರುವರ್ಷ ಮೇ ತಿಂಗಳಲ್ಲಿ ಅವನ ಪತ್ನಿ, ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡರು. ಮೊದಲು ಕ್ಯಾಶ್‌ನದನ್ನು ಕೇಳಬೇಕು, ಆಮೇಲೆ ರೆಝ್ನರನದನ್ನು. ಮನೆಯಲ್ಲಿ ಹದಿಹರೆಯದವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡರಲ್ಲಿ ಯಾವುದು ಹೆಚ್ಚೆಂದು ಕೇಳಿ ನೋಡಬಹುದು.